ಛತ್ರದವನಿಗೆ ಕೊಟ್ಟ ಮಾತು

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನ ಕಡೆಯಿಂದ ಹಣ್ಣು, ತರಕಾರಿ ಹೇರಿಕೊಂಡು ಕುಮಟೆಯ ಸಂತೆಗೆ ಹೊರಟಿದ್ದ ಲಾರಿಯೊಂದು ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಹತ್ತಿರ ಹೆದ್ದಾರಿಯಿಂದ ಕಂದಕಕ್ಕೆ ಉರುಳಿತು. ಅದರಲ್ಲಿದ್ದವರು ಸಂತೆಯ ವ್ಯಾಪಾರವನ್ನೇ ನಂಬಿದ ಬಡವರು. ಹತ್ತು ಜನ ಸತ್ತರು. ಗಾಯಗೊಂಡವರನ್ನು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಸಾಗಿಸಿದರು. ಘಟ್ಟದ ಮೇಲಿನ ಶಿರಸಿ, ಯಲ್ಲಾಪುರ, ಸಿದ್ದಾಪುರ ಎಂಬ ನಮ್ಮ ಮೂರು ತಾಲೂಕುಗಳ ಜನ ಇಂಥ ಸುದ್ದಿಗೆ ಹೊಸಬರಲ್ಲ. ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲ್ ಘಟ್ಟ, ಸಿದ್ದಾಪುರದ ಕಡೆಯಿಂದ ಕರಾವಳಿಗೆ ಇಳಿಯುವ ದೊಡ್ಮನೆ ಘಟ್ಟ, ಎಲ್ಲವೂ ಎಷ್ಟೋ ಅಪರಿಚಿತರ ರಕ್ತ ಕಂಡಿವೆ. ರಾತ್ರಿ ಸದ್ದು ಕೇಳಿದರೆ ಟಾರ್ಚು, ಹಗ್ಗ ಹಿಡಿದು ಕೆಳಗಿಳಿಯುವವರು ರಸ್ತೆಬದಿಯ ಊರುಗಳಲ್ಲಿ ಇಂದಿಗೂ ಇದ್ದಾರೆ. ಅವರಿಗೆ ಕರುಣೆಯ ಪಾಠ ಹೇಳುವ ಅಧಿಕಾರ ಯಾರಿಗೂ ಇಲ್ಲ. ಇವತ್ತು ನಾನು ಎತ್ತಿಕೊಂಡಿರುವುದು ಆಮೇಲಿನ ಪ್ರಶ್ನೆಯನ್ನು. ಮೂರನೆಯ ದಿನ, ಹದಿನೈದನೆಯ ದಿನ, ಆ ಅಪರಿಚಿತನಿಗೆ ಯಾರಿದ್ದಾರೆ? ಕ್ರೈಸ್ತ ಧರ್ಮ ಯಾವುದನ್ನು ಕರುಣೆ ಎಂದು ಕರೆಯುತ್ತದೋ ಅದರ ನಿಜವಾದ ಪರೀಕ್ಷೆ ನಡೆಯುವುದು ಆ ದಿನಗಳಲ್ಲಿ ಎಂಬುದು ನನ್ನ ವಾದ.

ಈ ವಾದಕ್ಕೆ ಮೊದಲ ಆಧಾರ ಎಲ್ಲರಿಗೂ ಗೊತ್ತಿರುವ ಕಥೆಯೇ. ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಒಳ್ಳೆಯ ಸಮಾರ್ಯದವನ ಕಥೆ ನಡೆಯುವುದೂ ಒಂದು ಘಟ್ಟದ ದಾರಿಯಲ್ಲಿ. ಜೆರುಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಆ ಇಳಿಜಾರಿನಲ್ಲಿ ಕಳ್ಳರು ಒಬ್ಬನನ್ನು ಬಡಿದು, ಬಟ್ಟೆ ಕಿತ್ತುಕೊಂಡು, ಅರೆಜೀವ ಮಾಡಿ ಹೋಗುತ್ತಾರೆ. ಯಾಜಕನೊಬ್ಬ ನೋಡಿ ಆಚೆ ಬದಿಯಿಂದ ಹೋಗುತ್ತಾನೆ, ದೇವಾಲಯದ ಸೇವಕನಾದ ಲೇವಿಯನೂ ಹಾಗೆಯೇ ಹೋಗುತ್ತಾನೆ. ಯೆಹೂದ್ಯರು ಹತ್ತಿರ ಸೇರಿಸದ ಸಮಾರ್ಯದವನೊಬ್ಬ ನಿಲ್ಲುತ್ತಾನೆ. ನಮ್ಮ ಪ್ರವಚನಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿದುಹೋಗುತ್ತದೆ. ನಿಂತನಲ್ಲ, ಅಷ್ಟು ಸಾಕು ಎಂಬಂತೆ. ಆದರೆ ಯೇಸು ಕಥೆಯನ್ನು ಅಲ್ಲಿಗೆ ಬಿಡುವುದಿಲ್ಲ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ್ದು, ತಾನು ಕುಳಿತು ಬಂದ ಪ್ರಾಣಿಯ ಮೇಲೆ ಅವನನ್ನು ಕೂರಿಸಿದ್ದು, ಛತ್ರಕ್ಕೆ ಕರೆತಂದು ಆರೈಕೆ ಮಾಡಿದ್ದು, ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು ಇವನನ್ನು ನೋಡಿಕೋ ಎಂದದ್ದು, ಹೆಚ್ಚಿಗೆ ಖರ್ಚಾದರೆ ಮರಳಿ ಬರುವಾಗ ತೀರಿಸುತ್ತೇನೆ ಎಂದು ಮಾತು ಕೊಟ್ಟದ್ದು, ಇಷ್ಟನ್ನೂ ಒಂದೊಂದಾಗಿ ಹೇಳುತ್ತಾನೆ. ಆ ಒಂದು ನಾಣ್ಯ ಆ ಕಾಲದ ಕೂಲಿಯಾಳಿನ ಒಂದು ದಿನದ ದುಡಿಮೆ. ಅಂದರೆ ಎರಡು ದಿನದ ಕೂಲಿ, ಅದರ ಮೇಲೊಂದು ತೆರೆದ ಲೆಕ್ಕ. ಹಾಸಿಗೆಯಲ್ಲಿದ್ದವನಿಗೆ ಭರವಸೆಯಾಗಿ ಸಿಕ್ಕಿದ್ದು ಸಮಾಧಾನದ ನುಡಿಯಲ್ಲ. ತನ್ನ ಹೆಸರಿನಲ್ಲಿ ಒಂದು ಲೆಕ್ಕ ಇನ್ನೂ ತೆರೆದಿದೆ, ಅದನ್ನು ತೀರಿಸಲು ಒಬ್ಬ ಮತ್ತೆ ಈ ದಾರಿಯಲ್ಲಿ ಬರುತ್ತಾನೆ ಎಂಬ ತಿಳಿವಳಿಕೆ ಅವನಿಗೆ ಸಿಕ್ಕಿತು.

ನಮ್ಮ ಕಾಲದ ಕಾನೂನು ಈ ಕಥೆಯನ್ನು ಗಂಭೀರವಾಗಿಯೇ ತೆಗೆದುಕೊಂಡಿದೆ. ಅಪಘಾತದಲ್ಲಿ ಬಿದ್ದವನನ್ನು ಮುಟ್ಟಿದರೆ ಪೊಲೀಸ್ ಠಾಣೆ, ಕೋರ್ಟು ಎಂದು ವರ್ಷಗಟ್ಟಲೆ ಅಲೆಯಬೇಕಾದೀತು ಎಂಬ ಭಯ ಜನರಲ್ಲಿ ಬೇರೂರಿತ್ತು. ಆ ಭಯಕ್ಕೆ ಕಾರಣಗಳೂ ಇದ್ದವು. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಸಹಾಯಕ್ಕೆ ಬಂದವರ ರಕ್ಷಣೆಯ ಮಾರ್ಗಸೂಚಿಗಳನ್ನು ದೇಶಕ್ಕೆಲ್ಲ ಕಡ್ಡಾಯಗೊಳಿಸಿತು. ಅದೇ ವರ್ಷ ಕರ್ನಾಟಕದ ಶಾಸನಸಭೆ ಗುಡ್ ಸಮಾರಿಟನ್ ಎಂಬ ಹೆಸರನ್ನೇ ಇಟ್ಟು ಕಾಯ್ದೆ ಮಾಡಿತು; 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಇಂಥದೇ ಕಲಮು ಸೇರಿತು. ಇಂದು ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವನು ತನ್ನ ಹೆಸರು ಹೇಳಲೇಬೇಕೆಂದಿಲ್ಲ. ಸಾಕ್ಷಿಯಾಗು ಎಂದು ಅವನನ್ನು ಯಾರೂ ಬಲವಂತ ಮಾಡುವಂತಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಇಂಥವರಿಗೆ 5,000 ರೂಪಾಯಿ ಬಹುಮಾನದ ಯೋಜನೆಯನ್ನೂ ತಂದಿತು. ಇವೆಲ್ಲ ಒಳ್ಳೆಯವು, ತಡವಾಗಿಯಾದರೂ ಬಂದವು. ಆದರೆ ಗಮನಿಸಿ: ಕಾನೂನು ತೆಗೆದುಕೊಂಡದ್ದು ಕಥೆಯ ಮೊದಲ ಅರ್ಧವನ್ನು. ನಿಲ್ಲುವವನ ಭಯವನ್ನು ಅದು ಕಳೆಯುತ್ತದೆ, ಆಸ್ಪತ್ರೆಯ ಬಾಗಿಲವರೆಗೆ ಜೊತೆಗೆ ಬರುತ್ತದೆ. ಅಲ್ಲಿಂದಾಚೆಗೆ ನೀನು ಹೋಗಬಹುದು ಎನ್ನುತ್ತದೆ. ಕಾನೂನು ಅಷ್ಟೇ ಹೇಳಬಲ್ಲದು. ಮರಳಿ ಬಾ ಎಂದು ಯಾವ ಕಾಯ್ದೆಯೂ ಯಾರಿಗೂ ಆಜ್ಞೆ ಮಾಡಲಾರದು. ಕಥೆಯ ಎರಡನೆಯ ಅರ್ಧ, ಛತ್ರದ ಭಾಗ, ನಮ್ಮ ಮನಸ್ಸಾಕ್ಷಿಗೇ ಉಳಿದಿದೆ.

ಆ ಎರಡನೆಯ ಅರ್ಧವನ್ನು ಎತ್ತಿಕೊಂಡಾಗಲೆಲ್ಲ ಕ್ರೈಸ್ತ ಕರುಣೆ ಚರಿತ್ರೆಯಲ್ಲಿ ಗಟ್ಟಿಯಾಗಿ ಕಾಣಿಸಿಕೊಂಡಿದೆ. ನಾಲ್ಕನೆಯ ಶತಮಾನದಲ್ಲಿ, ಇಂದಿನ ತುರ್ಕಿಯಲ್ಲಿರುವ ಸಿಸರಿಯಾ ಪಟ್ಟಣದ ಧರ್ಮಾಧ್ಯಕ್ಷ ಬಾಸಿಲ್ ಊರ ಹೊರಗೆ ದಾರಿಹೋಕರಿಗೆ, ರೋಗಿಗಳಿಗೆ, ಕುಷ್ಠ ಹಿಡಿದವರಿಗೆ ಇರಲು ಮನೆಗಳನ್ನು ಕಟ್ಟಿಸಿದ. ಆಸ್ಪತ್ರೆಯ ಚರಿತ್ರೆ ಬರೆಯುವವರು ಅದನ್ನು ಮರೆಯುವುದಿಲ್ಲ. ನಮ್ಮ ಕರಾವಳಿಯಲ್ಲೇ ಇನ್ನೊಂದು ಉದಾಹರಣೆ ಇದೆ. ಜರ್ಮನಿಯಿಂದ ಮಂಗಳೂರಿಗೆ ಬಂದ ಯೇಸುಸಭೆಯ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಹೋಮಿಯೋಪಥಿ ಔಷಧಿ ಕೊಡಲು ಶುರುಮಾಡಿದರು. ಔಷಧಿಗೆ ಬಂದವರಲ್ಲಿ ಕುಷ್ಠರೋಗಿಗಳೂ ಇದ್ದರು. ಅವರಿಗೆ ಗುಳಿಗೆ ಕೊಟ್ಟು ಕಳಿಸಿದರೆ ಹೋಗಲು ಮನೆಯಿರಲಿಲ್ಲ, ಮನೆಯವರೇ ಹೊರಹಾಕಿದ್ದರು. 1890ರಲ್ಲಿ ಅವರಿಗಾಗಿ ಆಶ್ರಯಧಾಮ ಎದ್ದಿತು. 1902ರಲ್ಲಿ ಪ್ಲೇಗು ಬಂದಾಗ ಪ್ಲೇಗಿನ ರೋಗಿಗಳಿಗೂ ಆಸ್ಪತ್ರೆಯಾಯಿತು. ಇಂದಿನ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜಿನ ದೊಡ್ಡ ಕಟ್ಟಡಗಳನ್ನು ನೋಡುವವರಿಗೆ ಇದು ಒಂದು ಸಂಸ್ಥೆಯ ಬೆಳವಣಿಗೆಯಾಗಿ ಕಾಣುತ್ತದೆ. ನನಗೆ ಅದರಲ್ಲಿ ಕಾಣುವುದು, ರೋಗಿ ನಾಳೆ ಎಲ್ಲಿಗೆ ಹೋಗುತ್ತಾನೆ ಎಂಬ ಒಂದೇ ಪ್ರಶ್ನೆಯನ್ನು ಬಿಡದೆ ಕೇಳಿಕೊಂಡ ಮನಸ್ಸು.

ಇವತ್ತಿನ ನಮ್ಮ ಬಸ್ ನಿಲ್ದಾಣಗಳಲ್ಲಿ ಅದೇ ಪ್ರಶ್ನೆ ಬೇರೆ ಮುಖದಲ್ಲಿ ಕುಳಿತಿದೆ. ಜಡೆಗಟ್ಟಿದ ಕೂದಲು, ಮೈಮೇಲೆ ಮೂರು ನಾಲ್ಕು ಅಂಗಿ, ಕೈಯಲ್ಲೊಂದು ಗಂಟು, ಬಾಯಲ್ಲಿ ನಮಗೆ ತಿಳಿಯದ ಭಾಷೆ. ಹಿಂದಿಯೋ, ಬಂಗಾಳಿಯೋ, ಒಡಿಯಾವೋ. ಜನ ಕೆಟ್ಟವರಲ್ಲ, ಒಂದು ಇಡ್ಲಿಯ ಪೊಟ್ಟಣ, ಒಂದು ಕಪ್ ಚಹಾ ಅವನ ಮುಂದೆ ಇಟ್ಟು ಹೋಗುತ್ತಾರೆ. ಆದರೆ ಅವನು ಯಾರ ಮಗ ಎಂದು ಕೇಳಲು ಒಂದು ಊರಿಗೆ ವ್ಯವಧಾನವಿಲ್ಲ. ಈ ಕೆಲಸಕ್ಕೆ ಕೈಹಾಕಿದವರು ನಮ್ಮ ಕನ್ನಡ ನಾಡಿನ ಅಂಚಿನಲ್ಲೇ ಇದ್ದಾರೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಜೋಸೆಫ್ ಕ್ರಾಸ್ತಾ 2009ರಲ್ಲಿ ಆರಂಭಿಸಿದ ಸ್ನೇಹಾಲಯ ಬೀದಿಯಲ್ಲಿ ಅಲೆಯುವ ಮನೋರೋಗಿಗಳನ್ನು ಕರೆತಂದು, ಸ್ನಾನ, ಊಟ, ಚಿಕಿತ್ಸೆ ಕೊಟ್ಟು, ಚೇತರಿಸಿಕೊಂಡವರ ಊರು ಹುಡುಕಿ ಮನೆಗೆ ಮುಟ್ಟಿಸುತ್ತ ಬಂದಿದೆ. ಬೆಂಗಳೂರಿನಲ್ಲಿ ಆಟೋ ರಾಜಾ ಎಂದೇ ಹೆಸರಾದ ಟಿ. ರಾಜಾ, ಆಟೋ ಓಡಿಸುತ್ತಿದ್ದವರು, 1997ರಲ್ಲಿ ನ್ಯೂ ಆರ್ಕ್ ಮಿಷನ್ ಆರಂಭಿಸಿ ರಸ್ತೆಬದಿಯಲ್ಲಿ ಸಾಯುತ್ತಿದ್ದವರನ್ನು ಮನೆಗೆ ತಂದರು. ಇಬ್ಬರೂ ಕ್ರೈಸ್ತ ನಂಬಿಕೆಯಿಂದ ಹೊರಟವರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಇಂಥ ಅಲೆಮಾರಿ ರೋಗಿಗಳನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸುವ ಹೊಣೆಯನ್ನು ಪೊಲೀಸರ ಮೇಲೆ ಹೊರಿಸಿದೆ. ಕಾನೂನು ಗೊತ್ತಿರುವ ಒಬ್ಬ ನಾಗರಿಕ ಠಾಣೆಗೆ ಹೋಗಿ ತಿಳಿಸಿ, ಮರುದಿನ ಮತ್ತೆ ಹೋಗಿ ಏನಾಯಿತು ಎಂದು ವಿಚಾರಿಸಿದರೆ ಈ ಕಲಮಿಗೆ ಜೀವ ಬರುತ್ತದೆ. ಮೊದಲ ಸಲ ತಿಳಿಸುವುದಕ್ಕಿಂತ ಎರಡನೆಯ ಸಲ ವಿಚಾರಿಸುವುದಕ್ಕೇ ಹೆಚ್ಚು ಬೆಲೆ.

ಹೀಗೆ ಮತ್ತೆ ಮತ್ತೆ ವಿಚಾರಿಸುವುದರಿಂದ ನಿಜವಾಗಿ ಏನಾದರೂ ಆಗುತ್ತದೆಯೇ, ಅಥವಾ ಇದು ಬರೀ ಭಾವುಕತೆಯೇ ಎಂದು ಕೇಳುವವರಿಗೆ ವಿಜ್ಞಾನದ ಉತ್ತರವಿದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೆರೋಮ್ ಮೋಟೋ ಎಂಬ ಮನೋವೈದ್ಯರು, ಆತ್ಮಹತ್ಯೆಯ ಯೋಚನೆಯಿಂದಲೋ ಖಿನ್ನತೆಯಿಂದಲೋ ಆಸ್ಪತ್ರೆ ಸೇರಿ, ಬಿಡುಗಡೆಯಾದ ಮೇಲೆ ಚಿಕಿತ್ಸೆ ಬೇಡವೆಂದ 843 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಐದು ವರ್ಷಗಳಲ್ಲಿ 24 ಚಿಕ್ಕ ಪತ್ರಗಳು ಹೋದವು. ಉಪದೇಶವಿಲ್ಲ, ಬೇಡಿಕೆಯಿಲ್ಲ, ನೀವು ಚೆನ್ನಾಗಿದ್ದೀರೆಂದು ಭಾವಿಸುತ್ತೇವೆ, ಬರೆಯಬೇಕೆನಿಸಿದರೆ ಬರೆಯಿರಿ ಎಂಬಷ್ಟೇ ಅರ್ಥದ ನಾಲ್ಕು ಸಾಲು. 2001ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಪತ್ರ ಪಡೆದವರಲ್ಲಿ ಆತ್ಮಹತ್ಯೆ ಕಡಿಮೆಯಿತ್ತು. ಮೊದಲ ಎರಡು ವರ್ಷಗಳಲ್ಲಿ ವ್ಯತ್ಯಾಸ ಸ್ಪಷ್ಟವಾಗಿತ್ತು. ಇನ್ನೂ ನಮಗೆ ಹತ್ತಿರದ್ದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ. ಚೆನ್ನೈ, ಕೊಲಂಬೊ ಸೇರಿ ಐದು ಕಡೆ, ಆತ್ಮಹತ್ಯೆಗೆ ಯತ್ನಿಸಿ ಬದುಕಿದ 1,867 ಜನರಲ್ಲಿ ಅರ್ಧದಷ್ಟು ಜನರನ್ನು 18 ತಿಂಗಳಲ್ಲಿ ಒಂಬತ್ತು ಸಲ ಫೋನು ಮಾಡಿಯೋ ಮನೆಗೆ ಹೋಗಿಯೋ ವಿಚಾರಿಸಿದರು. ಹಾಗೆ ವಿಚಾರಿಸದ ಗುಂಪಿನಲ್ಲಿ ನೂರಕ್ಕೆ ಎರಡಕ್ಕಿಂತ ಹೆಚ್ಚು ಜನ ಆಮೇಲೆ ಆತ್ಮಹತ್ಯೆ ಮಾಡಿಕೊಂಡರು. ವಿಚಾರಿಸಿದ ಗುಂಪಿನಲ್ಲಿ ಅದು ಸಾವಿರಕ್ಕೆ ಸುಮಾರು ಎರಡು. ಒಂಬತ್ತು ಸಲ! ಎರಡು ತಿಂಗಳಿಗೊಮ್ಮೆ ಎಂದು ಲೆಕ್ಕ ಹಾಕಿದರೂ ಯಾರಿಗೂ ಭಾರವಾಗದ ಕೆಲಸ ಇದು. ತರಬೇತಿ ಪಡೆದವರ ನೆರವು ಬೇಕಾದಾಗ ಟೆಲಿ ಮನಸ್ ಸಹಾಯವಾಣಿ 14416 ಕನ್ನಡದಲ್ಲಿ ದಿನವಿಡೀ ಲಭ್ಯವಿದೆ. 2022ರ ಅಕ್ಟೋಬರಿನಿಂದ ಅದು ನಡೆಯುತ್ತಿದೆ. ಆ ಸಂಖ್ಯೆಯನ್ನು ಕೊಟ್ಟವರು, ಫೋನ್ ಮಾಡಿದಿರಾ ಎಂದು ಮುಂದಿನ ವಾರ ಕೇಳುವುದೂ ಮುಖ್ಯ.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಎಲ್ಲರ ಮನಸ್ಸಿನಲ್ಲಿರುವುದು: ಈ ಕರುಣೆ ಮತಾಂತರದ ಗಾಳವಲ್ಲವೇ? ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ, ಇದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಆಮಿಷದ ಮತಾಂತರವನ್ನು ಅಪರಾಧವಾಗಿಸಿ ಕರ್ನಾಟಕ 2022ರಲ್ಲಿ ಕಾಯ್ದೆ ಮಾಡಿತು, ಮರುವರ್ಷ ಬಂದ ಸರ್ಕಾರ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಆ ರಾಜಕೀಯ ಚರ್ಚೆ ಬೇರೆ. ನಾನು ಕ್ರೈಸ್ತ ಧರ್ಮದ ಅಳತೆಗೋಲಿನಿಂದಲೇ ಉತ್ತರಿಸುತ್ತೇನೆ. ಯೇಸುವಿನ ಕಥೆಯಲ್ಲಿ ಬಿದ್ದವನ ಕುಲ, ಮತ, ಹೆಸರು ಯಾವುದೂ ಇಲ್ಲ. ಸಮಾರ್ಯದವರು ಆರಾಧಿಸುವ ಬೆಟ್ಟವೇ ಬೇರೆ, ಯೆಹೂದ್ಯರ ದೇವಾಲಯವೇ ಬೇರೆ. ಗುಣವಾದ ಮೇಲೆ ನಮ್ಮ ಬೆಟ್ಟಕ್ಕೆ ಬಾ ಎಂಬ ಷರತ್ತು ಅವನ ಬಾಯಲ್ಲಿ ಬರುವುದಿಲ್ಲ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಹಸಿದವರಿಗೆ ಉಣಿಸಿದವರಿಗೆ, ಸೆರೆಯಲ್ಲಿದ್ದವರನ್ನು ನೋಡಲು ಹೋದವರಿಗೆ ತಾವು ಧಾರ್ಮಿಕ ಕೆಲಸ ಮಾಡಿದೆವೆಂಬ ಅರಿವೇ ಇರುವುದಿಲ್ಲ. ಹೀಗಾಗಿ ಬೆಲೆ ಕೇಳುವ ಕರುಣೆ ಸರ್ಕಾರದ ಕಾಯ್ದೆಯ ಮುಂದೆ ನಿಲ್ಲುವ ಮೊದಲೇ ಸುವಾರ್ತೆಯ ಮುಂದೆ ತಪ್ಪಿತಸ್ಥ. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಎದ್ದುಹೋಗಲಾರದವನ ಹಾಸಿಗೆಯ ಪಕ್ಕದಲ್ಲಿ, ಮನಸ್ಸು ಚೂರಾಗಿರುವವನ ಎದುರಲ್ಲಿ ಪ್ರವಚನ ಮಾಡಬಾರದು. ಬೇಡ ಎನ್ನುವ ಶಕ್ತಿ ಯಾರಿಗಿಲ್ಲವೋ ಅವರ ಹೌದಿಗೆ ಅರ್ಥವಿಲ್ಲ. ನೀವು ಯಾಕೆ ಬಂದಿರಿ ಎಂದು ಅವನೇ ಕೇಳಿದರೆ, ಯೇಸುವಿನ ಮೇಲಿನ ನಂಬಿಕೆಯಿಂದ ಬಂದೆ ಎಂದು ನೇರವಾಗಿ ಹೇಳಬಹುದು. ಅಲ್ಲಿ ಬಚ್ಚಿಡುವಂಥದ್ದೇನೂ ಇಲ್ಲ.

ಇದಕ್ಕಿಂತ ನೋವಿನ ಆಕ್ಷೇಪ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡುಗಳಲ್ಲೇ ಇದೆ. ಅಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಜರನ್ನು ಆಫ್ರಿಕದಿಂದ ಹಡಗುಗಳಲ್ಲಿ ತಂದವರಲ್ಲಿ 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಪ್ರಮುಖರು. ಗುಲಾಮರಿಗೆ ದೀಕ್ಷಾಸ್ನಾನ ಮಾಡಿಸಿದ ಕೈಗಳೇ ಅವರನ್ನು ಮಾರಿದವು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಪೋರ್ಚುಗೀಸ್ ಆಳ್ವಿಕೆಯಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡದ್ದು 1869ರಲ್ಲಿ, ಮೂರೂವರೆ ಶತಮಾನ ಕಳೆದ ಮೇಲೆ. ಘಟ್ಟದ ಮೇಲೆ ಬಂದವರಿಗೂ ಸುಖವಿರಲಿಲ್ಲ. ತೋಟ, ಗದ್ದೆಗಳಲ್ಲಿ ಎಷ್ಟೋ ಜನ ತಲೆಮಾರುಗಟ್ಟಲೆ ಜೀತ ದುಡಿದರು. ಹಾಗಾದರೆ ಕ್ರೈಸ್ತ ಕರುಣೆಯ ಮಾತನ್ನು ಇಲ್ಲಿ ಯಾವ ಬಾಯಿಂದ ಆಡುವುದು? ಕಥೆಯೊಳಗೆ ಯಾಜಕನೂ ಲೇವಿಯನೂ ಇದ್ದಾರೆ ಎಂಬುದನ್ನು ನೆನಪಿಟ್ಟುಕೊಂಡು ಆಡಬೇಕು. ಧರ್ಮದ ವೇಷ ತೊಟ್ಟವರು ಗಾಯಾಳುವನ್ನು ದಾಟಿಹೋಗುವುದನ್ನು ಯೇಸು ಎರಡು ಸಾವಿರ ವರ್ಷಗಳ ಹಿಂದೆಯೇ ಕಥೆಯ ನಡುವೆ ಇಟ್ಟಿದ್ದಾನೆ. ಆದ್ದರಿಂದ ಈ ಚರಿತ್ರೆಯನ್ನು ಒಪ್ಪಿಕೊಳ್ಳುವುದರಿಂದ ಸುವಾರ್ತೆಗೆ ಧಕ್ಕೆಯಿಲ್ಲ, ಮುಚ್ಚಿಟ್ಟರೆ ಧಕ್ಕೆಯಿದೆ. ಇನ್ನೊಂದು ವಿಷಯ ಸಿದ್ದಿಗಳಿಂದಲೇ ಕಲಿಯಬೇಕು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಡಮಾಮಿ ವಾದ್ಯ ಬಾರಿಸಿದಾಗ ಕುಣಿಯುವ ಹೆಜ್ಜೆ ಒಂದೇ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದಾಗ ಮೂರೂ ಮತದವರಿಗೆ ಅದು ಒಟ್ಟಿಗೇ ದಕ್ಕಿತು. ಅವರ ನಡುವೆ ಕೆಲಸ ಮಾಡುವ ಕ್ರೈಸ್ತ ಸಂಸ್ಥೆಗಳಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ: ಶಾಲೆಯ ಬೆಂಚು, ಭೂಮಿಯ ಹಕ್ಕುಪತ್ರ, ಸ್ತ್ರೀಯರ ಸಂಘ, ಯಾವುದೇ ಆಗಲಿ, ಎಲ್ಲ ಸಿದ್ದಿಗಳಿಗೆ ಒಟ್ಟಿಗೇ ದಕ್ಕುವಂತಿರಬೇಕು.

ಮೂರನೆಯ ಆಕ್ಷೇಪ ನ್ಯಾಯದ ಕಡೆಯಿಂದ ಬರುತ್ತದೆ. ಕರುಣೆಯ ಹೆಸರಿನಲ್ಲಿ ಸರ್ಕಾರದ ಹೊಣೆಯನ್ನು ನಾವು ಹೊತ್ತುಕೊಳ್ಳುತ್ತಿದ್ದೇವಲ್ಲವೇ? ಉತ್ತರ ಕನ್ನಡದವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಕಾರವಾರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಬಂದಿದ್ದರೂ ತಲೆಗೆ ಪೆಟ್ಟು ಬಿದ್ದವನನ್ನು ಇಂದಿಗೂ ಹುಬ್ಬಳ್ಳಿಗೋ, ಮಣಿಪಾಲಕ್ಕೋ, ಮಂಗಳೂರಿಗೋ ಒಯ್ಯಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಜಾರಿ ಮಗುಚಿ ನಾಲ್ವರು ಸತ್ತಾಗ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಊರೂರಿನಲ್ಲಿ ಎದ್ದಿತು. ಆ ಕೂಗು ನ್ಯಾಯವಾದದ್ದು, ಅದು ಈಡೇರಬೇಕು. ಮಾರ್ಟಿನ್ ಲೂಥರ್ ಕಿಂಗ್ 1967ರಲ್ಲಿ ಇದೇ ಕಥೆಯನ್ನು ಎತ್ತಿಕೊಂಡು, ಗಾಯಾಳುವನ್ನು ಎತ್ತುವುದಷ್ಟೇ ಸಾಲದು, ದಾರಿಹೋಕರನ್ನು ಹೊಡೆದು ಬೀಳಿಸುವ ಆ ಯೆರಿಕೋ ದಾರಿಯನ್ನೇ ಬದಲಿಸಬೇಕು ಎಂಬ ಅರ್ಥದ ಮಾತು ಹೇಳಿದರು. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ದಾರಿ ಬದಲಿಸಬೇಕೆಂದು ಹಟ ಹಿಡಿಯುವವರು ಯಾರು? ಬಿದ್ದವನ ಜೊತೆ ಛತ್ರದಲ್ಲಿ ಒಂದು ರಾತ್ರಿ ಕಳೆದವರು. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ರಸ್ತೆ, ಮನೆ ಮಣ್ಣು ಪಾಲಾದಾಗ ಅಕ್ಕಿ, ಕಂಬಳಿ ಹೊತ್ತು ಬಂದವರು ಬಹಳ. ಆಮೇಲೆ ಪರಿಹಾರದ ಅರ್ಜಿ ಯಾವ ಮೇಜಿನ ಮೇಲಿದೆ ಎಂದು ಹುಡುಕಿಕೊಂಡು ಓಡಾಡುವ ಕೆಲಸ ಎಲ್ಲ ಕಡೆಯೂ ಸಂತ್ರಸ್ತರ ಪಾಲಿಗೇ ಉಳಿಯುತ್ತದೆ. ಆ ಓಡಾಟದಲ್ಲಿ ಜೊತೆಯಾಗುವುದೂ ಕರುಣೆಯೇ. ಅಲ್ಲಿ ದಯೆಗೂ ನ್ಯಾಯಕ್ಕೂ ಜಗಳವಿಲ್ಲ.

ಇದೆಲ್ಲ ನಮ್ಮ ನೆಲಕ್ಕೆ ಹೊಸದೇ, ಕ್ರೈಸ್ತರು ಬಂದು ಹೇಳಬೇಕೇ ಎಂದರೆ, ಇಲ್ಲ. 1930ರ ದಶಕದ ಆರಂಭದ ಕರನಿರಾಕರಣೆಯಲ್ಲಿ ಸಿದ್ದಾಪುರ, ಅಂಕೋಲೆಯ ರೈತರು ಮನೆ ಜಮೀನು ಕಳೆದುಕೊಂಡಾಗ ಅವರಿಗೆ ನೆರಳಾದವರು ಇದೇ ಸೀಮೆಯಲ್ಲಿದ್ದರು. 1966ರಲ್ಲಿ ಪಕ್ಕದ ಮುಂಡಗೋಡು ದೇಶ ಬಿಟ್ಟು ಬಂದ ಟಿಬೆಟನ್ನರಿಗೆ ನೆಲೆ ಕೊಟ್ಟಿತು. ದಯೆಯನ್ನು ಧರ್ಮದ ಮೂಲದಲ್ಲೇ ಇಟ್ಟ ಶರಣರ ನಾಡು ಇದು. ಕ್ರೈಸ್ತರು ತಮ್ಮ ಕಥೆಯ ಛತ್ರವನ್ನು ಈ ದೊಡ್ಡ ಸಂಪತ್ತಿಗೆ ಸೇರಿಸಿದರೆ ಸಾಕು. ಬೇರೆ ಅಂಗಡಿ ತೆರೆಯಬೇಕಾಗಿಲ್ಲ. ಇನ್ನು, ನಮ್ಮ ಮನೆಯವರನ್ನೇ ನೋಡಿಕೊಳ್ಳಲು ಆಗುತ್ತಿಲ್ಲ, ಪರಕೀಯರ ಚಿಂತೆ ಎಲ್ಲಿ ಎನ್ನುವವರ ಆಯಾಸ ನಿಜ. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋಗಿ, ಶಿರಸಿ ಸಿದ್ದಾಪುರದ ಅಡಿಕೆ ತೋಟದ ಮನೆಗಳಲ್ಲಿ ಮುದುಕ ಮುದುಕಿಯರೇ ಉಳಿದಿದ್ದಾರೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡ, ಹಳ್ಳ. ಆಷಾಢದ ಮಳೆಯಲ್ಲಿ ಕರೆಂಟು ಹೋದರೆ ವಾರಗಟ್ಟಲೆ ಬರುವುದಿಲ್ಲ, ಫೋನಿನ ಸಿಗ್ನಲ್ಲೂ ಹೋಗುತ್ತದೆ. ನಾಲ್ಕು ತಲೆಮಾರಿನಿಂದ ಪರಿಚಿತರಾದ ಈ ಮನೆಗಳ ಹಿರಿಯರೂ ಈಗ ಒಂದು ರೀತಿಯಲ್ಲಿ ಅಪರಿಚಿತರೇ. ಅವರ ಒಳಗಿನ ನೋವು ಏನೆಂದು ಪಕ್ಕದ ಕೇರಿಗೆ ಗೊತ್ತಿಲ್ಲ. ಹತ್ತಿರದವರು, ದೂರದವರು ಎಂಬ ಎರಡು ಪಟ್ಟಿ ನಾವು ತಿಳಿದಷ್ಟು ಗಟ್ಟಿಯಾಗಿ ಉಳಿದಿಲ್ಲ.

ಹಾಗಾದರೆ ಶಿರಸಿಯ, ಯಲ್ಲಾಪುರದ, ಸಿದ್ದಾಪುರದ ಒಂದು ಸಣ್ಣ ಚರ್ಚಿನ ಹತ್ತು ಮನೆಯವರು ಏನು ಮಾಡಬಹುದು? ಸಂಸ್ಥೆ ಕಟ್ಟುವುದು ಎಲ್ಲರಿಗೂ ಆಗದು. ಎರಡು ಕೆಲಸ ಹೇಳುತ್ತೇನೆ. ಘಟ್ಟದಲ್ಲಿ ಬಿದ್ದವನನ್ನು ಹುಬ್ಬಳ್ಳಿಗೆ ಒಯ್ದ ಮೇಲೆ ಅವನ ಜೊತೆಗೆ ಬಂದ ಹೆಂಡತಿಯೋ, ತಮ್ಮನೋ ಆಸ್ಪತ್ರೆಯ ಮೊಗಸಾಲೆಯಲ್ಲಿ ಟವೆಲು ಹಾಸಿ ಮಲಗುತ್ತಾರೆ. ಉಟ್ಟ ಬಟ್ಟೆಯಲ್ಲೇ ಓಡಿಬಂದವರು. ಮೊಬೈಲಿನ ಚಾರ್ಜು ಮುಗಿದಿರುತ್ತದೆ, ಯಾವ ಚೀಟಿ ಯಾವ ಕಿಟಕಿಗೆ ಎಂದು ತಿಳಿಯುವುದಿಲ್ಲ, ರಕ್ತ ಬೇಕೆಂದರೆ ಯಾರನ್ನು ಕೇಳಬೇಕೆಂದು ಗೊತ್ತಿರುವುದಿಲ್ಲ. ಅವರಿಗೆ ಬೇಕಾದದ್ದು ಒಂದು ಚಾರ್ಜರು, ಬದಲಿ ಬಟ್ಟೆ, ಊಟ, ಆಯುಷ್ಮಾನ್ ಕಾರ್ಡಿನ ಕೌಂಟರು ಎಲ್ಲಿದೆ ಎಂದು ಬಲ್ಲ ಒಬ್ಬ ಮನುಷ್ಯ. ಘಟ್ಟದ ಮೇಲಿನ ಚರ್ಚುಗಳೂ ಹುಬ್ಬಳ್ಳಿಯ ಚರ್ಚುಗಳೂ ಮಾತಾಡಿಕೊಂಡು ವಾರದ ಏಳು ದಿನವನ್ನು ಹಂಚಿಕೊಂಡರೆ ಇದು ಆಗುವ ಕೆಲಸ.

ಇನ್ನೊಂದು ಮಂಗನ ಕಾಯಿಲೆಯದು. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಸಿದ್ದಾಪುರದ ಹಳ್ಳಿಗಳನ್ನು ಇನ್ನೂ ಬಿಟ್ಟಿಲ್ಲ. 2024ರಲ್ಲೂ ಅಲ್ಲಿ ಸಾವುಗಳಾದವು. ಹಳೆಯ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು ನಿಂತುಹೋಗಿದೆ. ಡಿಸೆಂಬರಿನಿಂದ ಮೇ ತಿಂಗಳ ತನಕ, ದರಕು ಗುಡಿಸಲು, ಸೌದೆ ತರಲು ಬೆಟ್ಟಕ್ಕೆ ಹೋಗುವ ಕೂಲಿಯವರಿಗೆ ಉಣುಗು ಕಚ್ಚಿ ಜ್ವರ ಬರುತ್ತದೆ. ಜ್ವರ ಬಂದಾಗ ಆಶಾ ಕಾರ್ಯಕರ್ತೆ ಬರುತ್ತಾಳೆ, ರಕ್ತ ಪರೀಕ್ಷೆ ಆಗುತ್ತದೆ, ಆಸ್ಪತ್ರೆಗೆ ಕಳಿಸುತ್ತಾರೆ. ಜ್ವರ ಇಳಿದ ಮೇಲೆ ರೋಗಿ ಮನೆಗೆ ಬರುತ್ತಾನೆ, ಬಂದು ನೋಡುವವರು ನಿಲ್ಲುತ್ತಾರೆ, ನಾಲ್ಕು ದಿನ ಕಳೆದರೆ ಕೂಲಿ ಬಿಡಲಾಗದೆ ಮತ್ತೆ ಬೆಟ್ಟ ಹತ್ತುತ್ತಾನೆ. ಈ ಕಾಯಿಲೆ ಕೆಲವರಲ್ಲಿ ಒಂದೆರಡು ವಾರದ ಬಿಡುವಿನ ನಂತರ ಎರಡನೆಯ ಸುತ್ತು ಬರುತ್ತದೆ. ಆಗ ತಲೆನೋವು, ನಡುಕ, ಕಣ್ಣು ಮಂಜಾಗುವುದು, ಬುದ್ಧಿ ಭ್ರಮಣೆ ಕಾಣಿಸಿಕೊಳ್ಳಬಹುದು. ಆ ಎರಡು ವಾರ ದಿನಕ್ಕೊಮ್ಮೆ ಬಾಗಿಲಿಗೆ ಹೋಗಿ ಹೇಗಿದ್ದೀರಿ ಎಂದು ಕೇಳುವವರು, ಕೂಲಿ ತಪ್ಪಿದ ಮನೆಗೆ ಅಕ್ಕಿ ಬೇಳೆ ಮುಟ್ಟಿಸುವವರು, ನಡುಕ ಕಂಡರೆ ತಕ್ಷಣ 108ಕ್ಕೆ ಕರೆ ಮಾಡುವವರು ಬೇಕು. ಇದಕ್ಕೆ ವೈದ್ಯರಾಗಬೇಕಿಲ್ಲ. ಒಂದು ಹಳ್ಳಿಗೆ ಇಬ್ಬರು ಸಾಕು. ಈ ಡಿಸೆಂಬರಿನೊಳಗೆ ತಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹೆಸರು ಕೊಟ್ಟು, ಯಾವ ಲಕ್ಷಣಗಳನ್ನು ಗಮನಿಸಬೇಕೆಂದು ವೈದ್ಯರಿಂದ ಕೇಳಿ ತಿಳಿದುಕೊಂಡರೆ ಜನವರಿಗೆ ಕೆಲಸ ಶುರುಮಾಡಬಹುದು.